ಇಕ್ಕಳದ ಗುರುತು

ನನ್ನ ಬಳಿ ಬಾಡಿಗೆಗೆ ಕೊಡುವ ನಾನೂರು ಕುರ್ಚಿಗಳಿವೆ, ಅವನ್ನು ಹೊರಲು ಒಂದು ಡೀಸೆಲ್ ಪಿಕಪ್ ಇದೆ, ಎರಡರ ಬಗ್ಗೆಯೂ ಕೇಳದಿದ್ದರೂ ಹೇಳುವ ಬಾಯಿ ಇದೆ. ಈ ಬಾಯಿ ಜೀವಮಾನದಲ್ಲಿ ಒಂದೇ ಸಲ, ಒಂದೇ ಮಾತಾಡಿ ಸುಮ್ಮನಾಗಿತ್ತು. ಅದು ಮೇಸ್ತ್ರಿಯ ಎದುರಿಗೆ.

ಮೇಸ್ತ್ರಿ ಎಂದರೆ ಪೆಟ್ರೋಲ್ ಬಂಕಿನ ಹಿಂದಿನ ಶೆಡ್ಡಿನಲ್ಲಿ ಡೀಸೆಲ್ ಗಾಡಿಗಳನ್ನು ರಿಪೇರಿ ಮಾಡುತ್ತಿದ್ದ ಹಿರಿಯರು. ಶೆಡ್ಡು ತಮ್ಮನದು. ತಮ್ಮನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ್ದು ಅಣ್ಣ; ಅಣ್ಣನಿಗೆ ಗಡಿಯಾರ ನೋಡಲು ಕಲಿಸುತ್ತಿದ್ದದ್ದು ತಮ್ಮ. ಹೆಂಡತಿ ತೀರಿಹೋದ ಮೇಲೆ ಮೇಸ್ತ್ರಿ ತಮ್ಮನ ಮನೆಯ ಹೊರಕೋಣೆಯಲ್ಲಿ ಮಲಗುತ್ತಿದ್ದರು. ಅಲ್ಲಿ ಅವರು ಒಂದು ಹಾಸಿಗೆ, ಒಂದು ತಟ್ಟೆ. ಮನುಷ್ಯರಾಗಿರುತ್ತಿದ್ದದ್ದು ಶೆಡ್ಡಿನಲ್ಲೇ.

ಅವರ ಬಲ ಹೆಬ್ಬೆರಳು ಚಮಚದ ಹಾಗೆ ಹಿಂದಕ್ಕೆ ಬಾಗಿ ಚಪ್ಪಟೆಯಾಗಿತ್ತು. ಡೀಸೆಲ್ ಫಿಲ್ಟರ್ ಬದಲಿಸಿದ ಮೇಲೆ ಒಳಗಿನ ಗಾಳಿ ಹೊರಗೆ ಹೋಗಬೇಕಲ್ಲ, ಅದಕ್ಕೆ ಉಳಿದವರು ಹೊಸ ಫಿಲ್ಟರಿಗೆ ಮೊದಲೇ ಡಬ್ಬಿಯಿಂದ ಡೀಸೆಲ್ ಸುರಿದು, ಹತ್ತು ನಿಮಿಷದಲ್ಲಿ ಗಾಡಿ ಹೊರಗೆ ತಳ್ಳುತ್ತಾರೆ. ಮೇಸ್ತ್ರಿ ಖಾಲಿ ಫಿಲ್ಟರನ್ನೇ ಕೂರಿಸಿ, ಮೇಲಿರುವ ಕೈಪಂಪಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತ ನಿಲ್ಲುತ್ತಿದ್ದರು, ಗಾಳಿಯೆಲ್ಲ ಹೋಗಿ ಅದು ಕಲ್ಲಿನಂತೆ ಗಟ್ಟಿಯಾಗುವವರೆಗೆ.

“ಡಬ್ಬೀಲಿರೋ ಎಣ್ಣೆ ಸೋಸಿರಲ್ಲ ಸಾರ್. ಸೋಸೋಕೆ ಅಂತ ತಂದಿರೋದಕ್ಕೇ ಕಸ ಕುಡಿಸೋದಾ?” ಎನ್ನುತ್ತಿದ್ದರು.

ನನ್ನ ಗಾಡಿಯ ಫಿಲ್ಟರ್ ಬದಲಿಸುತ್ತಿದ್ದ ದಿನ ತಮ್ಮ ಬಂದು ನಿಂತ.

“ಅಣ್ಣ, ಮುಕ್ಕಾಲು ಗಂಟೆ ಆಯ್ತು. ಫಿಲ್ಟರ್ ಹಾಕ್ತಿದ್ದೀಯೋ, ಜಪ ಮಾಡ್ತಿದ್ದೀಯೋ? ಹೊರಗೆ ಮೂರು ಗಾಡಿ ನಿಂತಿದೆ.”

“ನಿಂತ್ರೆ ಇಲ್ಲೇ ನಿಲ್ಲಲಿ ಬಿಡೋ. ದಾರೀಲಿ ನಿಲ್ಲೋದು ಬೇಡ.”

“ನೀನು ನಿಧಾನ ಅಂತ ದಿನಾ ಬೈಸ್ಕೊಳ್ತಿದ್ದೀನಿ. ಕೆಲಸಾನೂ ಸರಿ ಇಲ್ಲ ಅಂತ ಒಂದೇ ಒಂದು ದೂರು ಬರಲಿ, ಅವತ್ತಿಂದ ನೀನು ಮನೇಲಿ ಕೂತ್ಕೋ. ಇವರ ಎದುರಿಗೇ ಹೇಳ್ತಿದ್ದೀನಿ.”

ಇವರು ಎಂದರೆ ನಾನು. ಸಾಕ್ಷಿಗೆ ಒಳ್ಳೆಯ ಆಸಾಮಿಯನ್ನೇ ಹಿಡಿದಿದ್ದ.

ಮೇಸ್ತ್ರಿ ಏನೂ ಕೇಳಿಸದವರಂತೆ ಫಿಲ್ಟರಿನ ತಳದ ಪುಟ್ಟ ತಿರುಪನ್ನು ನನಗೆ ತೋರಿಸಿದರು. “ಪ್ರತಿ ಸೋಮವಾರ ಇದನ್ನ ಅರ್ಧ ಸುತ್ತು ಸಡಿಲ ಮಾಡಿ, ಡೀಸೆಲಿಂದ ಇಳಿದು ತಳದಲ್ಲಿ ಕೂತಿರೋ ನೀರು ಬಿಟ್ಬಿಡಿ. ವಾಪಸ್ ಕೈಯಲ್ಲೇ ಬಿಗಿ ಮಾಡಿ. ಪ್ಲಾಸ್ಟಿಕ್ಕು ಸಾರ್, ಇಕ್ಕಳ ಮುಟ್ಟಿಸಬೇಡಿ.”

ಸೋಮವಾರ ನೀರು ಬಿಟ್ಟೆ. ಕೈಯಲ್ಲೇ ಬಿಗಿ ಮಾಡಿದೆ. ಆದರೆ ಬರಿಗೈಯಲ್ಲಿ ಮಾಡಿದ್ದು ಗಾಡಿಯ ಕೆಲಸ ಅನ್ನಿಸುವುದು ಹೇಗೆ? ಇಕ್ಕಳ ತಂದೆ.

“ರೀ, ಮೇಸ್ತ್ರಿ ಬೇಡ ಅಂದಿದ್ರು ಅಂತ ನೀವೇ ಹೇಳಿದ್ರಲ್ವಾ?” ಎಂದಳು ಹೆಂಡತಿ, ಬಾಗಿಲಲ್ಲೇ ನಿಂತು.

“ನಿನಗೇನು ಗೊತ್ತು? ಇದು ಗಾಡಿ, ಸಕ್ಕರೆ ಡಬ್ಬಿ ಅಲ್ಲ,” ಎಂದು ಇನ್ನೊಂದು ಸುತ್ತು ಹಾಕಿದೆ. ಟಕ್ ಎಂದು ಏನೋ ಸದ್ದಾಯಿತು. ಚೆನ್ನಾಗಿ ಕೂತಿತು ಎಂದುಕೊಂಡೆ.

ಬುಧವಾರ ಒಂದು ದೊಡ್ಡ ಸಭೆಗೆ ನಾನೂರೂ ಕುರ್ಚಿ ಹೇರಿಕೊಂಡು ಹೊರಟವನ ಗಾಡಿ ಸೇತುವೆಯ ಮೇಲೆ ಕೆಮ್ಮಿ, ನಡುಗಿ, ನಿಂತೇಹೋಯಿತು. ಸಭಿಕರೆಲ್ಲ ನಿಂತೇ ಕೇಳಬೇಕಾಗಿ ಭಾಷಣಗಳು ಚಿಕ್ಕವಾದವಂತೆ. ನಾನು ಊರಿಗೆ ಮಾಡಿದ ಉಪಕಾರ ಅದೊಂದೇ. ಸಭೆಯವರು ಫೋನಿನಲ್ಲಿ ನನಗೆ ಉಗಿದರು. ನಾನು ಬಾನೆಟ್ಟು ಕೂಡ ಎತ್ತದೆ ತಮ್ಮನಿಗೆ ಫೋನು ಮಾಡಿ ಉಗಿದೆ: “ನಿಮ್ಮಣ್ಣ ಫಿಲ್ಟರ್ ಹಾಕಿದ್ದಾರೋ, ಆಟ ಆಡಿದ್ದಾರೋ?”

ಹಗ್ಗ ಕಟ್ಟಿ ಗಾಡಿಯನ್ನು ಶೆಡ್ಡಿಗೆ ಎಳೆಸಿಕೊಂಡು ಬಂದೆ. ಮೇಸ್ತ್ರಿ ತಳಕ್ಕೆ ಕೈ ಹಾಕಿ ತಿರುಪು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡರು. ಸೀಳಿತ್ತು. ಅಲ್ಲಿಂದಲೇ ಡೀಸೆಲ್ ಸೋರಿ, ಗಾಳಿ ಒಳಗೆ ಹೋಗಿತ್ತು. ಅದರ ಎರಡೂ ಪಕ್ಕದಲ್ಲಿ ಇಕ್ಕಳದ ಹಲ್ಲು ಸಾಲಾಗಿ ಮೂಡಿತ್ತು. ನನಗೆ ಕಂಡಿತು. ನನಗೆ ಕಂಡದ್ದು ಅವರಿಗೂ ಕಂಡಿತು.

“ಸೀಳಿರೋದನ್ನ ಹಾಕಿ ಕಳಿಸಿದ್ದೀಯಲ್ಲೋ ಅಣ್ಣ! ಕಣ್ಣು ಎಲ್ಲಿಟ್ಟಿದ್ದೆ?” ತಮ್ಮ ಕೂಗಾಡಿದ. ಸುತ್ತ ಆರೇಳು ಜನ ಗಾಡಿಯವರು, ಸೇತುವೆಯಿಂದ ಇಲ್ಲಿಯವರೆಗೆ ನನ್ನ ಬಾಯಿಂದಲೇ ಮೇಸ್ತ್ರಿಯ ಕಥೆ ಕೇಳಿಕೊಂಡು ಬಂದವರು.

ಮೇಸ್ತ್ರಿ ತಮ್ಮನ ಕಡೆ ತಿರುಗಲಿಲ್ಲ. ನನ್ನನ್ನೇ ನೋಡಿ, ಮೆಲ್ಲಗೆ ಕೇಳಿದರು: “ಸಾರ್, ಸೋಮವಾರ ನೀರು ಬಿಟ್ರಾ?”

“ಇಲ್ಲ,” ಎಂದೆ.

ಅವರು ಇಕ್ಕಳದ ಗುರುತಿನ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದರು. ಆಮೇಲೆ ತಿರುಪನ್ನು ಜೇಬಿಗೆ ಹಾಕಿಕೊಂಡು, “ಹಾಗಾದ್ರೆ ನಂದೇ ತಪ್ಪಿರಬೇಕು,” ಎಂದು ಕೈ ಒರೆಸಿಕೊಂಡರು. ಹೆಬ್ಬೆರಳನ್ನು ಒರೆಸಲು ತುಂಬ ಹೊತ್ತು ತೆಗೆದುಕೊಂಡರು.

ತಮ್ಮ ಹೇಳಿದಂತೆಯೇ ಶೆಡ್ಡು ಬಿಡಿಸಿದ; ಮನೆಯಲ್ಲಿ ಕೂರಲಾರದೆ ಈಗ ಅವರು ಸಭಾಭವನದ ಗೇಟು ಕಾಯುತ್ತಾರೆ. ವಾರಕ್ಕೆರಡು ಸಲ ಕುರ್ಚಿ ಇಳಿಸಲು ನಾನು ಅಲ್ಲಿಗೇ ಹೋಗಬೇಕು. ಗೇಟಿನವರಿಗೆ ಕೂರಲು ಅಲ್ಲಿ ಏನೂ ಕೊಟ್ಟಿಲ್ಲ. ಮೊನ್ನೆ ಧೈರ್ಯ ಮಾಡಿ ಒಂದು ಕುರ್ಚಿ ಇಳಿಸಿ, “ಕೂತ್ಕೊಳ್ಳಿ ಮೇಸ್ತ್ರಿ,” ಎಂದೆ.

“ಬೇಡ ಸಾರ್, ಒಳಗೆ ಒಂದು ಕಮ್ಮಿ ಬೀಳುತ್ತೆ,” ಎಂದರು. ಗೇಟಿನ ಚಿಲಕವನ್ನು ಅದೇ ಹೆಬ್ಬೆರಳಿನಿಂದ ಎತ್ತುತ್ತ ಕೇಳಿದರು: “ಸೋಮವಾರ ನೀರು ಬಿಡ್ತಿದ್ದೀರಾ?”

“ಬಿಡ್ತಿದ್ದೀನಿ.”

“ಕೈಯಲ್ಲೇ ತಿರುಗಿಸಿ ಸಾರ್.”

ಗಾಡಿ ಒಳಗೆ ಬಿಟ್ಟೆ. ಮುನ್ನೂರ ತೊಂಬತ್ತೊಂಬತ್ತು ಇಳಿಸಿ ತಿರುಗಿ ನೋಡಿದರೆ, ಗೇಟಿನ ಪಕ್ಕದ ಕುರ್ಚಿ ಖಾಲಿ ಇತ್ತು. ಅವರು ಅದರ ಪಕ್ಕದಲ್ಲೇ ನಿಂತಿದ್ದರು.