ಪರದೆಯೊಳಗಿನ ಬಲಗೈ

ಅವನ ಬಲಗೈಯಲ್ಲಿ ಉಳಿದಿದ್ದದ್ದು ಹೆಬ್ಬೆರಳು ಮತ್ತು ಕಿರುಬೆರಳು, ಎರಡೇ. ನಡುವಿನ ಮೂರು ಬೆರಳಿದ್ದ ಜಾಗದಲ್ಲಿ ಚರ್ಮ ನುಣ್ಣಗೆ ಹೊಳೆಯುತ್ತಾ ಕೂಡಿಕೊಂಡಿತ್ತು. ಆ ಎರಡು ಬೆರಳ ನಡುವೆಯೇ ಚಹಾದ ಲೋಟ ಸಿಕ್ಕಿಸಿಕೊಂಡು ಕುಡಿಯುತ್ತಿದ್ದ, ಬೀಗ ತೆಗೆಯುತ್ತಿದ್ದ, ಕೀಬೋರ್ಡಿನ ಗುಂಡಿ ಒತ್ತುತ್ತಿದ್ದ. ಅಂಗಡಿಯ ಹೊಸ್ತಿಲು ದಾಟಿ ಹೊರಗೆ ಹೊರಟನೆಂದರೆ ಮಾತ್ರ ಆ ಕೈ ಪ್ಯಾಂಟಿನ ಜೇಬಿಗೆ ಹೋಗಿಬಿಡುತ್ತಿತ್ತು. ದೇವರಿಗೆ ಕೈ ಮುಗಿಯುವಾಗಲೂ ಒಂದೇ ಕೈ ಹಣೆಗೆ ಹೋಗುತ್ತಿತ್ತು. ನಾನು ಅವನನ್ನು ಅಂಗಡಿಯಣ್ಣ ಎನ್ನುತ್ತಿದ್ದೆ. ಊರಿನವರು ಬೇರೆ ಏನೋ ಅನ್ನುತ್ತಿದ್ದರು, ಅದನ್ನು ಇಲ್ಲಿ ಬರೆಯುವುದಿಲ್ಲ.

ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹಿಂದೆ, ಶೇಂಗಾ ಮಂಡಿಯ ಮೇಲಿನ ಒಂದೇ ಕೋಣೆಯಲ್ಲಿ ಅವನ ಕಂಪ್ಯೂಟರ್ ಅಂಗಡಿ. ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಬೆಳಿಗ್ಗೆ ನನ್ನಂಥ ಹುಡುಗಿಯರಿಗೆ ಟೈಪಿಂಗು, ಲೆಕ್ಕಪತ್ರದ ಕೋರ್ಸು. ಮಧ್ಯಾಹ್ನದಿಂದ ಹುಡುಗರಿಗೆ ಆಟ. ಕೆಳಗಿನಿಂದ ಶೇಂಗಾ ಸಿಪ್ಪೆಯ ಧೂಳು ಎದ್ದು ಬಂದು ಕೀಬೋರ್ಡಿನ ಸಂದಿಯಲ್ಲೆಲ್ಲ ಕೂರುತ್ತಿತ್ತು. ಅವನು ಬಣ್ಣ ಬಳಿಯುವ ಬ್ರಷ್ ಹಿಡಿದು, ತೊಟ್ಟಿಲ ಕೂಸಿನ ಮೈ ಒರೆಸುವವನಂತೆ ಒಂದೊಂದನ್ನೇ ಒರೆಸುತ್ತಿದ್ದ.

ಮೊಳಕಾಲ್ಮೂರಿನ ನೇಕಾರರ ಮನೆಯವನು. ಅಣ್ಣ ಕೈಮಗ್ಗ ಕಿತ್ತು ಪವರ್‌ಲೂಮ್ ಹಾಕಿಸಿದ. ಅದರ ಬೆಲ್ಟಿಗೆ ಇವನ ಮೂರು ಬೆರಳು ಹೋದವು. ಆಮೇಲೆ ಮನೆಯಲ್ಲಿ ಇವನನ್ನು ಮಗ್ಗದ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಉಂಡು ಮಲಗು, ನಾವು ನೋಡ್ಕಂತೀವಿ ಅಂದರಂತೆ. ಪ್ರೀತಿಯಿಂದಲೇ ಅಂದಿರಬೇಕು. ಆ ಪ್ರೀತಿ ತಾಳಲಾರದೆ ಅವನು ಬಸ್ಸು ಹತ್ತಿ ನಮ್ಮೂರಿಗೆ ಬಂದ.

ಅಂಗಡಿಗೆ ಹೊಸಬರು ಯಾರೇ ಬರಲಿ, ಅವನ ಮೊದಲ ಪ್ರಶ್ನೆ ಒಂದೇ. "ಯಾವ ಕೈ?" ಹೆಸರು ಆಮೇಲೆ.

ನಾನೂ ಹೇಳಿದೆ, "ಬಲಗೈ". ಸುಳ್ಳಲ್ಲ, ನಿಜವೂ ಅಲ್ಲ. ನಾನು ಹುಟ್ಟಾ ಎಡಚಿ. ನಮ್ಮಜ್ಜಿ ಊಟದ ಹೊತ್ತಿಗೆ ನನ್ನ ಎಡಗೈಯನ್ನು ಹಳೇ ಸೀರೆಯ ಚೂರಿನಿಂದ ಬೆನ್ನಿಗೆ ಕಟ್ಟಿ ಕೂರಿಸುತ್ತಿದ್ದಳು. ಮಿಕ್ಕದ್ದನ್ನು ಶಾಲೆಯ ಮೇಷ್ಟ್ರ ಅಡಿಪಟ್ಟಿ ನೋಡಿಕೊಂಡಿತು. ಹಾಗಾಗಿ ಬಲಗೈಯಲ್ಲೇ ಬರೆಯುತ್ತಿದ್ದೆ, ಕೋಳಿ ಕೆದಕಿದ ಹಾಗೆ. ಸ್ವಲ್ಪ ಹೊತ್ತಿಗೆ ಮೇಜಿನ ಮೇಲಿಂದ ಪೆನ್ನು ಉರುಳಿತು. ನಾನು ಎಡಗೈಯಲ್ಲಿ ಗಪ್ಪನೆ ಹಿಡಿದೆ. ಅವನು ನಕ್ಕ.

"ಬೀಳೋದನ್ನ ಹಿಡಿಯೋ ಕೈ ನಿಂದು ಕಣವ್ವಾ. ಬರೆಯೋ ಕೈ ಮೇಷ್ಟ್ರುದು," ಅಂದು ನನ್ನ ಮೌಸನ್ನು ಎಡಕ್ಕೆ ಎತ್ತಿಟ್ಟ.

ಆ ತನಕ ನನ್ನ ಎಡಗೈಗೆ ಯಾರೂ ಜಾಗ ಮಾಡಿಕೊಟ್ಟಿರಲಿಲ್ಲ. ಮನೆಗೆ ಹೋಗಿ ಅತ್ತೆ.

ಅವನೇ ನನಗೆ ಆ ಆಟವನ್ನೂ ಕಲಿಸಿದ. ಬಂದೂಕು ಹಿಡಿದು ಓಡುತ್ತಾ ಹೊಡೆದಾಡುವ ಆಟ. ಅದರಲ್ಲಿ ಆಡುವವನ ಮುಖ, ಮೈ ಯಾವುದೂ ಕಾಣುವುದಿಲ್ಲ. ಪರದೆಯ ಬಲಮೂಲೆಯಿಂದ ಒಂದು ಕೈ ಬಂದೂಕು ಹಿಡಿದು ಒಳಗೆ ಚಾಚಿರುತ್ತದೆ, ಅಷ್ಟೇ ನಾವು. ನಟ್ಟನಡುವೆ ಗುರಿಯ ಪುಟ್ಟ ಗುರುತು. "ಹೆಣ್ಮಕ್ಳು ಆಡೋ ಆಟಾನೇನಣ್ಣಾ ಇದು?" ಅಂತ ಕೇಳಿದ್ದೆ. "ಆಡೋರು ಯಾರು ಅಂತ ಅದಕ್ಕೆ ಗೊತ್ತಾಗಲ್ಲ ತಂಗಿ. ಅದೇ ಅದರ ದೊಡ್ಡ ಗುಣ," ಅಂದ.

ಹುಡುಗರಿಗೆ ಗುಂಡು ಹಾರಿಸುವ ಆತುರ. ಅವನಿಗೆ ಅದಕ್ಕೆ ಮುಂಚಿನ ಸಿದ್ಧತೆಯೇ ಮುಖ್ಯ. ಬಂದೂಕು ಪರದೆಯ ಯಾವ ಕಡೆ ಇರಬೇಕು, ಎಷ್ಟು ಕೆಳಗಿರಬೇಕು, ನೋಟ ಎಷ್ಟು ಅಗಲ ಬೇಕು, ಇವನ್ನೆಲ್ಲ ಆಟದೊಳಗೇ ಬದಲಿಸಿಕೊಳ್ಳಬಹುದಿತ್ತು. ಮದುವೆ ಹೆಣ್ಣಿಗೆ ಅಳತೆ ತೆಗೆಯುವ ದರ್ಜಿಯ ಹಾಗೆ ಒಬ್ಬೊಬ್ಬರ ಪಕ್ಕದಲ್ಲೂ ಕುಳಿತು ಹೊಂದಿಸುತ್ತಿದ್ದ. ನೋಟವನ್ನು ತೀರಾ ಅಗಲ ಮಾಡಿಕೊಂಡರೆ ದೂರದವನು ಇರುವೆಯಷ್ಟಾಗುತ್ತಾನೆ, ಕಿರಿದು ಮಾಡಿಕೊಂಡರೆ ಪಕ್ಕದಿಂದ ಬರುವವನು ಕಾಣುವುದಿಲ್ಲ. ಅವನು ತನಗೆ ಅಗಲವೇ ಇಟ್ಟುಕೊಂಡಿದ್ದ. "ಸೀರೆ ನೇಯೋನಿಗೆ ಎರಡೂ ಅಂಚು ಒಟ್ಟಿಗೆ ಕಾಣಬೇಕು. ಅಂಚು ತಪ್ಪಿದ ಮೇಲೆ ಒಡಲು ಎಷ್ಟು ಚೆಂದಾಗಿದ್ರೇನು?" ಅನ್ನುತ್ತಿದ್ದ.

ತನ್ನ ಪರದೆಯಲ್ಲಿ ಬಂದೂಕನ್ನು ಎಡಗೈಗೆ ಹಾಕಿಕೊಂಡಿದ್ದ. ಮೌಸ್ ಎಡಗೈಯಲ್ಲಿ ಹಿಡಿಯುತ್ತಾನಲ್ಲ, ಅದಕ್ಕೇ ಇರಬೇಕು ಅಂದುಕೊಂಡು ಒಂದು ದಿನ ಕೇಳಿಯೂಬಿಟ್ಟೆ. ಕರೆಂಟು ಹೋಗಿ, ಯುಪಿಎಸ್ಸು ಕುಯ್ಯೆನ್ನುತ್ತಿತ್ತು. ಅವನು ಒಂದೊಂದೇ ಯಂತ್ರ ಆರಿಸುತ್ತಾ ಬಂದು ತನ್ನದರ ಮುಂದೆ ನಿಂತ.

"ಅದಕ್ಕಲ್ಲ. ನಾನು ಮೊದ್ಲು ಬಲಗೈಯೋನೇ. ಆ ಪರದೆ ಒಳಗಿನ ಬಲಗೈಗೆ ಐದೂ ಬೆರಳೈತೆ ನೋಡು. ದಿನಾ ಅದನ್ನ ಕಣ್ಣೆದುರಿಗೆ ಇಟ್ಕಂಡು ಕುಂತ್ಕಳಕೆ ಆಗಲ್ಲ ಕಣವ್ವಾ."

ಅಷ್ಟು ಹೇಳಿ ಅದನ್ನೂ ಆರಿಸಿದ. ಅವನ ಬಾಯಲ್ಲಿ ಆ ಕೈಯ ಮಾತು ನಾನು ಕೇಳಿದ್ದು ಅದೇ ಮೊದಲು.

ಅವನನ್ನು ಸೋಲಿಸುವುದೇ ಹುಡುಗರಿಗೆ ಹಬ್ಬ. ಟೈರು ಅಂಗಡಿ ಸಾಹೇಬರ ಮಗನೊಬ್ಬ ವಾರಕ್ಕೊಮ್ಮೆಯಾದರೂ ಸೋಲಿಸಿ, ಬೆಂಚು ಹತ್ತಿ ಕೂಗುತ್ತಿದ್ದ. "ಇಳಿಯಲೇ, ಬೆಂಚು ಮುರಿದೀಯ," ಅಂತ ಬೈಯುತ್ತಲೇ ಅಂಗಡಿಯಣ್ಣ ಖುಷಿಪಡುತ್ತಿದ್ದ. ಸೋತ ದಿನವೇ ಅವನ ಮುಖ ಹೆಚ್ಚು ಹೊಳೆಯುತ್ತಿತ್ತು. ಅದು ಯಾಕೆಂದು ನನಗೆ ತಿಳಿದದ್ದು ತಡವಾಗಿ.

ಆ ವರ್ಷ ದಾವಣಗೆರೆಯ ಒಂದು ಕಾಲೇಜಿನ ಹಬ್ಬದಲ್ಲಿ ಇದೇ ಆಟದ ಪಂದ್ಯ ಇಟ್ಟಿದ್ದರು. ಒಬ್ಬರೆದುರು ಒಬ್ಬರು. ಯಾರು ಬೇಕಾದರೂ ಬರಬಹುದಿತ್ತು. ಅಂಗಡಿಯಣ್ಣ ಹೋಗುತ್ತೇನೆಂದಾಗ ನಮಗೆಲ್ಲ ಆಶ್ಚರ್ಯ. ಊರ ಜಾತ್ರೆಗೂ ಹೋಗದವನು!

"ಅಲ್ಲಿ ಆಡೋರು ಒಬ್ರು ಒಂದು ಕೋಣೇಲಿ, ಇನ್ನೊಬ್ರು ಇನ್ನೊಂದರಲ್ಲಂತೆ," ಅಂದ ನನ್ನೊಬ್ಬಳ ಹತ್ತಿರ. "ಈ ಕೈ ಕಾಣದ ಜಾಗದಾಗೆ ಒಂದ್ಸಲ ಗೆಲ್ಲಬೇಕು ತಂಗಿ. ಒಂದೇ ಸಲ. ಗೆದ್ದೋನು ಯಾರು ಅಂತ ಎದುರಿನೋನು ತಲೆ ಕೆರ್ಕಬೇಕು."

ಅವ್ವನಿಗೆ ಕಂಪ್ಯೂಟರ್ ಪರೀಕ್ಷೆ ಅಂತ ಹೇಳಿ ನಾನೂ ಹೊರಟೆ. ಟೈರು ಅಂಗಡಿಯ ಹುಡುಗನೂ ಬಂದ. ನಾವಿಬ್ಬರೂ ಮೊದಲ ಸುತ್ತಿಗೇ ಮಣ್ಣು ಮುಕ್ಕಿದೆವು. ಅಂಗಡಿಯಣ್ಣ ತುಂಬುತೋಳಿನ ಅಂಗಿ ತೊಟ್ಟು, ಮೂಲೆಯ ಯಂತ್ರ ಹಿಡಿದು, ತನ್ನ ಎಡಗೈ, ತನ್ನ ಅಗಲ ನೋಟ ಹೊಂದಿಸಿಕೊಂಡು ಕುಳಿತ. ಮೊದಲ ಸುತ್ತು ಗೆದ್ದ. ಎರಡನೆಯದನ್ನೂ ಗೆದ್ದ. ಆಚೆ ಕೋಣೆಯಿಂದ ಸೋತವನು ಎದ್ದು ಬಂದು, "ಯಾರ್ರೀ ಅದು ನನಗೆ ಹೊಡೆದೋರು?" ಅಂತ ಕೇಳಿಕೊಂಡು ಓಡಾಡುತ್ತಿದ್ದ. ಅಂಗಡಿಯಣ್ಣ ಕೈ ಜೇಬಿಗಿಟ್ಟು ಗೋಡೆಗೊರಗಿ ಸುಮ್ಮನೆ ನಿಂತಿದ್ದ. ಅವನ ಮುಖ ನೋಡಬೇಕಿತ್ತು. ನನ್ನ ಜೀವಮಾನದಲ್ಲಿ ಅಷ್ಟು ತೃಪ್ತಿಯ ಮುಖ ನಾನು ಕಂಡಿಲ್ಲ.

ಕೊನೆಯ ಪಂದ್ಯ ಮಾತ್ರ ಸಭಾಂಗಣದಲ್ಲಿ, ಎಲ್ಲರ ಎದುರಿಗೆ ಎಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಹೊಸ ಯಂತ್ರ. ಅವನು ಮತ್ತೆ ಪರದೆಯ ಕೈ ಬದಲಿಸಲು ಹೊರಟ. ಇಲ್ಲಿ ಯಾವುದನ್ನೂ ಬದಲಿಸುವಂತಿಲ್ಲ, ಇದ್ದ ಹಾಗೇ ಆಡಬೇಕು ಎಂದು ಪಂದ್ಯ ನಡೆಸುವ ಹುಡುಗ ತಡೆದ. ಇಬ್ಬರಿಗೂ ಒಂದೇ ನಿಯಮ. ಒಪ್ಪುವ ಮಾತೇ. ಅಂಗಡಿಯಣ್ಣನೂ ಒಪ್ಪಿ, ಕೀಬೋರ್ಡನ್ನು ಬಲಕ್ಕೆ, ಮೌಸನ್ನು ಎಡಕ್ಕೆ ಸರಿಸಿದ. ಯಾಕೆ ಹೀಗೆ ಅದಲುಬದಲು ಮಾಡುತ್ತಾನೆಂದು ಆ ಹುಡುಗ ಬಗ್ಗಿ ನೋಡಿದ. ಕೈ ಕಂಡಿತು.

ಅವನೇನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಚೆನ್ನಾಗಿತ್ತು. ಕಣ್ಣಲ್ಲಿ ನೀರು ತಂದುಕೊಂಡು ನೇರ ಮೈಕಿಗೆ ಹೋದ. "ಚಳ್ಳಕೆರೆಯಿಂದ ಬಂದಿರೋ ನಮ್ಮ ಅಂಗವಿಕಲ ಸಹೋದರರೊಬ್ಬರು ನಮ್ಮ ನಡುವೆ ಇದ್ದಾರೆ. ಎರಡೇ ಬೆರಳಲ್ಲಿ ಆಡಿ ಇಲ್ಲೀತನಕ ಬಂದಿದ್ದಾರೆ. ಅವರಿಗಾಗಿ ನಿಯಮ ಸಡಿಲಿಸ್ತೀವಿ. ದಯವಿಟ್ಟು ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಬೇಕು!" ಸಭಾಂಗಣ ಎದ್ದು ನಿಂತಿತು. ಹಿಂದಿದ್ದವರು ಆ ಕೈ ನೋಡಲು ಬೆಂಚು ಹತ್ತಿದರು.

ಆಟ ಶುರುವಾಯಿತು. ಎದುರಾಳಿ ಒಳ್ಳೆಯ ಆಟಗಾರ. ಅವನ ಹಿಂದಿನ ಪಂದ್ಯಗಳನ್ನು ನಾವು ಕಂಡಿದ್ದೆವು, ಗಾಳಿಯಂತೆ ಓಡುವವನು. ಈಗ ಅವನು ಆಟದೊಳಗಿನ ಬಾಗಿಲ ಬಳಿ ಬಂದು ನಿಲ್ಲುತ್ತಿದ್ದ. ಗುರಿ ಕಂಡರೂ ಹೊಡೆಯುತ್ತಿರಲಿಲ್ಲ. ಹೊಡೆದರೆ ಗೋಡೆಗೆ. ಮೂರನೆಯ ಸಲ ಹಾಗೆ ನಿಂತಾಗ ಅಂಗಡಿಯಣ್ಣನೂ ನಿಂತುಬಿಟ್ಟ. ಪರದೆಯಲ್ಲಿ ಇಬ್ಬರು ಬಂದೂಕು ಹಿಡಿದು ಎದುರುಬದುರು ಸುಮ್ಮನೆ ನಿಂತಿದ್ದರು. ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು. ಅಂಗಡಿಯಣ್ಣ ಮೌಸಿನಿಂದ ಕೈ ತೆಗೆದ. ಅವನಿಗೆ ಸಿಟ್ಟು ಬಂದರೆ ಮನೆಮಾತು ತೆಲುಗು ಬಾಯಿಗೆ ಬರುತ್ತಿತ್ತು. "ವದ್ದು. ಪದಮ್ಮಾ, ಪೋದಾಂ," ಅಂದ ನನ್ನ ಕಡೆ ತಿರುಗಿ. ಬೇಡ, ನಡಿ, ಹೋಗೋಣ.

ಹೋಗಗೊಡಬೇಕಲ್ಲ! ಅಷ್ಟರಲ್ಲಿ ಹೊತ್ತು ಮುಗಿದು, ಅದುವರೆಗಿನ ಹೊಡೆತಗಳ ಲೆಕ್ಕದಲ್ಲಿ ಅವನೇ ಗೆದ್ದನೆಂದು ಕೂಗಿದ್ದರು. ಹೆಗಲಿಗೆ ಶಾಲು ಬಂತು, ಎಡಗೈಗೆ ಬಹುಮಾನದ ಬಟ್ಟಲು ಬಂತು. ಪತ್ರಿಕೆಯವನೊಬ್ಬ, "ಆ ಕೈ ಸ್ವಲ್ಪ ಮುಂದೆ ಚಾಚ್ರಿ ಸಾರ್," ಅಂದ. ಇವನು ಚಾಚಲಿಲ್ಲ. ಪಕ್ಕದಲ್ಲಿದ್ದ ಗಣ್ಯರೊಬ್ಬರು ಮಣಿಕಟ್ಟು ಹಿಡಿದು, ಜೇಬಿನಿಂದ ಹೊರಗೆಳೆದು, ಎತ್ತಿ ತೋರಿಸಿದರು. ಫ್ಲ್ಯಾಶು ಮಿನುಗಿತು.

ಬಸ್ಸಿನಲ್ಲಿ ಊರಿಗೆ ಹೊರಟೆವು. ಚಿತ್ರದುರ್ಗ ದಾಟಿದ ಮೇಲೆ ಕೇಳಿದ, "ಮೊದಲಿನ ಎರಡು ಸುತ್ತು ಗೆದ್ದಿದ್ದು ನಿಜ ಅಲ್ವಾ ತಂಗಿ?"

"ನಿಜ ಅಣ್ಣಾ. ಅವರಿಗೆ ಗೊತ್ತೇ ಇರಲಿಲ್ಲವಲ್ಲ."

"ಕೋಣೆ ಬಾಗಿಲ ಹತ್ರ ಯಾರಾನಾ ಈ ಕೈ ನೋಡಿ ಹೇಳಿದ್ರೋ ಏನೋ. ಯಾರಿಗೆ ಗೊತ್ತು," ಅಂದ.

ಗೆದ್ದದ್ದನ್ನೂ ಅವನಿಂದ ಕಿತ್ತುಕೊಂಡಿದ್ದರು, ಚಪ್ಪಾಳೆ ತಟ್ಟಿಯೇ.

ಫೋಟೊ ಪತ್ರಿಕೆಯಲ್ಲಿ ಬಂತು. ಮುಖಕ್ಕಿಂತ ಕೈಯೇ ದೊಡ್ಡದಾಗಿತ್ತು. ಅಲ್ಲಿಯತನಕ ಆ ಮೆಟ್ಟಿಲು ಹತ್ತದ ದೊಡ್ಡ ಮನುಷ್ಯರೆಲ್ಲ ಹತ್ತಿ ಬಂದು ಬೆನ್ನು ತಟ್ಟಿದರು. ಮಕ್ಕಳನ್ನು ಕರೆತಂದು, "ನೋಡು, ಅಂಥೋನೇ ಇಷ್ಟು ಮಾಡವ್ನೆ, ನಿಂಗೇನಾಗೈತೆ ಧಾಡಿ?" ಅಂತ ಬುದ್ಧಿ ಹೇಳಿದರು. ಅವನು ನಗುತ್ತಾ ಚಹಾ ತರಿಸುತ್ತಿದ್ದ. ಇದೆಲ್ಲ ಹೇಗೋ ಸಹಿಸಿಕೊಂಡಾನು ಅಂದುಕೊಂಡಿದ್ದೆ. ಸಹಿಸಲಾಗದ್ದು ಬೇರೆ ಇತ್ತು. ಹುಡುಗರ ಮನೆಯಲ್ಲಿ ತಾಯಂದಿರು ಪತ್ರಿಕೆ ತೋರಿಸಿ ಏನು ಹೇಳಿದರೋ, ಅಂಗಡಿಯಲ್ಲೂ ಹುಡುಗರು ಆಟದಲ್ಲಿ ಅವನೆದುರು ನಿಧಾನವಾಗತೊಡಗಿದರು. ಬೆಂಚು ಹತ್ತಿ ಕೂಗುತ್ತಿದ್ದ ಟೈರು ಅಂಗಡಿಯ ಹುಡುಗನೂ ಒಂದು ದಿನ ಪರದೆಯೊಳಗಿನ ಬಾಗಿಲ ಬಳಿ ಬಂದು, ಗುಂಡು ಹಾರಿಸದೆ ನಿಂತ.

"ಹೊಡಿಯಲೇ!" ಅಂತ ಅಂಗಡಿಯಣ್ಣ ಅರಚಿದ. ಅವನು ಹಾಗೆ ಅರಚಿದ್ದನ್ನು ಯಾರೂ ಕೇಳಿರಲಿಲ್ಲ. ಹುಡುಗ ಹೆದರಿ ಅತ್ತೇಬಿಟ್ಟ.

ಅದಾದ ವಾರದಲ್ಲೇ ಇರಬೇಕು, ಬೆಳಗಿನ ಕ್ಲಾಸಿಗೆ ಬೇಗ ಹೋದೆ. ಅವನು ಒಬ್ಬನೇ ಕುಳಿತು ಆಡುತ್ತಿದ್ದ. ಎದುರಾಳಿ ಇಲ್ಲ. ಪರದೆಯಲ್ಲಿ ಏನೋ ಕಡಿಮೆ ಅನಿಸಿತು. ಆಮೇಲೆ ಗೊತ್ತಾಯಿತು, ಬಂದೂಕೇ ಇಲ್ಲ. ಎಡಗೈಯೂ ಇಲ್ಲ, ಬಲಗೈಯೂ ಇಲ್ಲ. ಕೈಯೇ ಕಾಣದಂತೆ ಮಾಡುವ ಮೂರನೆಯ ಆಯ್ಕೆಯೊಂದು ಆ ಆಟದಲ್ಲಿತ್ತು. ಅದನ್ನು ಯಾರೂ ಹಾಕಿಕೊಳ್ಳುತ್ತಿರಲಿಲ್ಲ. ಖಾಲಿ ಪರದೆ, ನಡುವೆ ಗುರಿಯ ಪುಟ್ಟ ಗುರುತು, ಅದು ಕೋಣೆಯಿಂದ ಕೋಣೆಗೆ ಅಲೆಯುತ್ತಿತ್ತು.

"ಇದೇ ವಾಸಿ," ಅಂದ, ತಿರುಗಿ ನೋಡದೆ.

ಅಂಗಡಿ ಮುಚ್ಚಿ ಅವನು ಊರಿಗೆ ಹೋದದ್ದು ಆ ಬೇಸಿಗೆಯಲ್ಲಿ. ಉಂಡು ಮಲಗು ಅಂದವರ ಮನೆಗೇ. ಕೆಲವು ವರ್ಷಗಳ ನಂತರ ಕಾಮಾಲೆಯಾಗಿ ತೀರಿಕೊಂಡ ಅಂತ ಸುದ್ದಿ ಬಂತು. ಕಾಮಾಲೆ ಎಲ್ಲರಿಗೂ ಬರುತ್ತದೆ, ಬದುಕಬೇಕೆನ್ನುವವರು ಪಥ್ಯ ಮಾಡುತ್ತಾರೆ. ನಾನು ಹೋಗುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಮೊಳಕಾಲ್ಮೂರಿನ ಆ ಮನೆಯ ಪಡಸಾಲೆಯಲ್ಲಿ ಪವರ್‌ಲೂಮು ಬಡಿಯುತ್ತಲೇ ಇತ್ತು. ಅದರ ಮೇಲಿನ ಗೋಡೆಗೆ ಅವನ ಫೋಟೊ ಹಾಕಿದ್ದರು. ಮನೆಯಲ್ಲಿ ಅವನದು ಬೇರೆ ಫೋಟೊವೇ ಇರಲಿಲ್ಲವಂತೆ, ಎಲ್ಲಿ ತೆಗೆಸಿಕೊಂಡಿದ್ದ ಅವನು? ಪತ್ರಿಕೆಯಲ್ಲಿ ಬಂದದ್ದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದರು. ಶಾಲು, ಬಟ್ಟಲು, ಯಾರದೋ ಮುಷ್ಟಿಯಲ್ಲಿ ಸಿಕ್ಕಿ ಮೇಲೆದ್ದ ಆ ಕೈ.

"ಎಷ್ಟು ಚೆನ್ನಾಗಿ ಬಂದೈತೆ ಅಲ್ಲವ್ವಾ?" ಅಂದರು ಅವನ ತಾಯಿ. ಹೂಂ ಅಂದೆ.

ತಂದಿದ್ದ ಮಲ್ಲಿಗೆ ಮಾಲೆ ಎತ್ತಿಕೊಂಡೆ. "ಬಲಗೈಲಿ ಹಾಕವ್ವಾ, ಎಡಗೈ ಆಗಲ್ಲ," ಅಂತ ಹಿಂದಿನಿಂದ ಅವನ ಅಣ್ಣ ಮೆತ್ತಗೆ ಎಚ್ಚರಿಸಿದರು. ನಾನು ಎಡಗೈಯಲ್ಲೇ ಹಾಕಿದೆ, ಫೋಟೊದ ಆ ಕೈ ಪೂರಾ ಮುಚ್ಚುವ ಹಾಗೆ.