ಬರೆಯದೆ ಬಿಟ್ಟ ಹೆಸರು

ನಿನ್ನೆ ಪಕ್ಕದ ಮನೆಯ ಪ್ರಣತಿ ನೋಟ್‌ಬುಕ್ ಹಿಡಿದು ಬಂದಳು. ಬಾಹ್ಯಾಕಾಶ ಯೋಜನೆಗಳಿಗೆ ಸರ್ಕಾರ ದುಡ್ಡು ಕೊಡಬೇಕೆಂದು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ವಾದಿಸಬೇಕಂತೆ. "ಆಂಟಿ, ನೀವು ವೈಜಾಗ್‌ನಲ್ಲಿದ್ದಾಗ ಇದಕ್ಕೆಲ್ಲ ಓಡಾಡಿದ್ರಂತಲ್ಲ, ಪಾಯಿಂಟ್ಸ್ ಹೇಳಿ" ಎಂದಳು. ಓಡಾಡಿದ್ದು ನಿಜ. ಅವಳನ್ನು ಕೂರಿಸಿ ಹಳೆಯ ಕಥೆ ತೆಗೆದೆ.

ಎರಡು ಸಾವಿರದ ಮೊದಲ ದಶಕದ ಮಾತು. ವಿಶಾಖಪಟ್ಟಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದೆ. ಟೌನ್‌ಶಿಪ್ಪಿನಲ್ಲಿ ಧಾರವಾಡ ಕಡೆಯ ಶಿವಾನಂದರು ಆಕಾಶ ನೋಡುವವರದೊಂದು ಸಂಘ ಕಟ್ಟಿದ್ದರು. ನಾನು ಅದರ ಕಾರ್ಯದರ್ಶಿ, ಅಂದರೆ ಚಹಾಕ್ಕೆ ಹೇಳುವವಳು. ಬಡ ದೇಶಕ್ಕೆ ರಾಕೆಟ್ ಯಾಕೆಂದು ಪತ್ರಿಕೆಗಳಲ್ಲಿ ಗದ್ದಲವೆದ್ದಿತ್ತು. ಜನರ ಅಭಿಪ್ರಾಯ ಕೇಳಲು ಸರ್ಕಾರದ ಸಮಿತಿಯೊಂದು ವಿಜಯವಾಡಕ್ಕೆ ಬರುವುದಿತ್ತು.

"ಚಂದ್ರ ಚಂದ ಅದಾನ ಅಂದ್ರ ಯಾರೂ ರೊಕ್ಕ ಕೊಡಂಗಿಲ್ರಿ ಮೇಡಂ," ಎಂದರು ಶಿವಾನಂದ. "ಉಪಗ್ರಹದಿಂದ ಜೀವ ಉಳಿದವ್ರನ್ನ ಕರಕೊಂಡು ಹೋಗೂಣು."

ಕಾರವಾರದವಳಾದ ನನಗೆ ಮೀನಿಲ್ಲದೆ ಊಟ ಇಳಿಯದು. ದಿನವೂ ಮೀನು ತರುತ್ತಿದ್ದ ನೂಕರತ್ನಂ ನೆನಪಾದಳು. ಚಂಡಮಾರುತದ ಮುನ್ಸೂಚನೆ ಕೇಳಿ ಅವಳ ಗಂಡ ದೋಣಿ ಇಳಿಸದೆ ಉಳಿದಿದ್ದ. ಅವಳನ್ನು ಕರೆದುಕೊಂಡು ವಿಜಯವಾಡದ ರೈಲು ಹತ್ತಿದೆವು.

ಗವರ್ನರ್‌ಪೇಟೆಯ ಸಭಾಂಗಣದಲ್ಲಿ ಅವಳು ಗಂಡನ ಕಥೆ ಹೇಳಿದಾಗ ಚಪ್ಪಾಳೆ ಬಿತ್ತು. ಅವಳು ಕೂರಲಿಲ್ಲ. ತೆಲುಗಿನಲ್ಲಿ ಮುಂದುವರಿಸಿದಳು: "ನನ್ನ ತಮ್ಮ ಬೇರೆಯವರ ಬೋಟಿನಲ್ಲಿದ್ದ ಸಾರ್. ಅವನಿಗೂ ಸುದ್ದಿ ಮುಟ್ಟಿತ್ತು. ಹೋಗದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದ ಯಜಮಾನ. ಹೋದ. ಬರಲಿಲ್ಲ. ನೀವು ಆಕಾಶದಿಂದ ಹೇಳಿದಿರಿ, ಸರಿ. ಆ ಯಜಮಾನನಿಗೆ ಯಾರು ಹೇಳ್ತಾರೆ?"

ಅಧ್ಯಕ್ಷರು ಗಡಿಯಾರ ನೋಡಿ, "ಬರೆದುಕೊಡಿ" ಎಂದರು.

ಹೊರಗಿನ ಬೆಂಚಿನಲ್ಲಿ ಕೂತು ಅವಳ ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಬರೆದವಳು ನಾನು. "ತಮ್ಮನ ವಿಷಯ ಬಿಡ್ರಿ, ವಿರೋಧ ಮಾಡೋರ ಕೈಗೆ ಬಡಿಗಿ ಕೊಟ್ಟಂಗ ಆಕ್ಕೈತಿ" ಎಂದರು ಶಿವಾನಂದ. ಬಿಟ್ಟೆ.

ಹೆಬ್ಬೆಟ್ಟು ಒತ್ತುವ ಮುಂಚೆ ನೂಕರತ್ನಂ ಕೇಳಿದಳು: "ಅಮ್ಮಗಾರೂ, ನನ್ನ ತಮ್ಮ ಅಪ್ಪಲರಾಜು ಹೆಸರು ಬರೆದಿರಾ?"

"ಬರೆದೆ" ಎಂದೆ.

ಕೆಲವು ತಿಂಗಳ ಮೇಲೆ ಸಂಘದ ಸಂಚಿಕೆಯಲ್ಲಿ ಆ ಹೇಳಿಕೆ ತೆಲುಗಿನಲ್ಲಿ ಅಚ್ಚಾಯಿತು. ಅವಳ ಮಗಳು ಓದಿ ಹೇಳಿರಬೇಕು. ಮರುದಿನದಿಂದ ನೂಕರತ್ನಂ ನಮ್ಮ ಗೇಟು ದಾಟಿ ಮುಂದಿನ ಮನೆಗೆ ಹೋಗತೊಡಗಿದಳು. ಬೈದಿದ್ದರೂ ಆಗುತ್ತಿತ್ತು.

ಬಾಹ್ಯಾಕಾಶದ ಅನುದಾನವೇನೋ ಉಳಿಯಿತು, ನಮ್ಮಿಂದ ಅಲ್ಲವೆಂದು ನನಗೆ ಗೊತ್ತು. ನೀವೇ ಹೇಳಿ, ಎಚ್ಚರಿಕೆ ಮೀರಿ ಬೋಟು ಕಳಿಸುವವನನ್ನು ಹಿಡಿಯುವ ಕಾನೂನನ್ನೂ ಜೊತೆಗೇ ಕೇಳಿದ್ದರೆ ಅವಳು ಕೊನೆಯತನಕ ನಮ್ಮ ಪರ ನಿಲ್ಲುತ್ತಿರಲಿಲ್ಲವೆ? ನಿಜವಾಗಿ ಬೆಂಬಲಿಸಿದ್ದ ಒಬ್ಬಳನ್ನೂ ನಾವೇ ಕಳೆದುಕೊಂಡೆವು.

ಇಷ್ಟನ್ನೂ ಪ್ರಣತಿಗೆ ಹೇಳಿದೆ. ಗಂಡನ ಕಥೆಗೆ ಓಡುತ್ತಿದ್ದ ಪೆನ್ನು ತಮ್ಮನ ಕಥೆಗೆ ನಿಂತಿತು.

"ಇದು ನಮ್ಮ ಸೈಡಿಗೆ ಪಾಯಿಂಟ್ ಆಗಲ್ಲ ಆಂಟಿ."

ನೋಟ್‌ಬುಕ್ ಇಸಿದುಕೊಂಡು 'ಅಪ್ಪಲರಾಜು' ಎಂದು ನಾನೇ ಬರೆದೆ. "ಮೊದಲು ಇವನ ಸುದ್ದಿ ಹೇಳು," ಎಂದೆ, "ಆಮೇಲೆ ದುಡ್ಡು ಕೇಳು."