ಮೂವರು ಪಂಪಾಪತಿಗಳು ಓಗೊಟ್ಟರು

“ಪೇಷಂಟ್ ಹೆಸರು ಕೇಳಿದ್ರ ‘ನಮ್ಮವರು’ ಅಂತೀರಲ್ರೀ ಅಕ್ಕಾರ, ಜಲ್ದಿ ಹೆಸರು ಹೇಳ್ರಿ!” ಹೊಸಪೇಟೆಯ ಆಸ್ಪತ್ರೆಯಲ್ಲಿ ಕಿಟಕಿಯ ಆಚೆ ಕುಳಿತಿದ್ದ ನರ್ಸ್ ಗದರಿದಳು. ಗಂಡನ ಹೆಸರನ್ನು ನಾನು ಮದುವೆಯ ದಿನ ಒಡಪಿನ ಪದ್ಯದಲ್ಲಿ ಹೇಳಿದ್ದೇ ಕೊನೆ. ಅವರು ಅದಿರಿನ ಲಾರಿಗಳ ಮೇಲೆ ಹೆಸರು ಬರೆಯುವ ಪೇಂಟರ್. ಬೆಳಿಗ್ಗೆ ಸಂಡೂರಿಗೆ ಹೋಗಿದ್ದರು. ಮಧ್ಯಾಹ್ನ ಕಂಪ್ಲಿಯ ನಮ್ಮ ಓಣಿಗೆ ಸುದ್ದಿ ಬಂತು: “ಸಂಡೂರು ಘಾಟ್‌ನಾಗ ಪಂಪಾಪತಿ ಪಲ್ಟಿ! ಹೊಸಪೇಟಿ ದವಾಖಾನಿಗೆ ಒಯ್ದಾರ!” ಸಿಕ್ಕ ಬಸ್ಸು ಹತ್ತಿ ಓಡಿಬಂದಿದ್ದೆ.

ನಾಚಿಕೆ ಬಿಟ್ಟು ಚೀರಿದೆ: “ಪಂಪಾಪತಿ!”

“ಓ!” ಎಂದು ಮೂರು ದನಿಗಳು ಕೇಳಿದವು. ತಿರುಗಿ ನೋಡಿದರೆ, ಬೆಂಚಿನ ಮೇಲೆ ನಮ್ಮೂರಿನ ಹೆಸರಾದ ಪೈಲ್ವಾನ್ ಪಂಪಾಪತಿಯವರು. ಅವರ ಪಕ್ಕದಲ್ಲಿ, ಸುತ್ತಮುತ್ತಲ ಊರುಗಳ ನಾಟಕಗಳಿಗೆಲ್ಲ ಬೇಕಾದ ಹಾರ್ಮೋನಿಯಂ ಪಂಪಾಪತಿಯವರು. ಇಬ್ಬರೂ ಅದೇ ಸುದ್ದಿ ಕೇಳಿ, ಬಿದ್ದದ್ದು ತಾವಲ್ಲ ಅಂದಮೇಲೆ ಯಾರಿರಬಹುದೆಂದು ಗಾಬರಿಯಾಗಿ ಬಂದಿದ್ದರು. ಮೂರನೆಯ ದನಿ, ಮೈಕೈಗೆಲ್ಲ ಹಳದಿ ಬಣ್ಣ ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ನಮ್ಮವರದು.

“ಪಲ್ಟಿ ಆಗಿದ್ದು ಲಾರಿ. ಅದರ ಹಣಿ ಮ್ಯಾಲ ‘ಪಂಪಾಪತಿ’ ಅಂತ ದೊಡ್ಡದಾಗಿ ಬರೆದಾಂವ ನಾನ! ಡ್ರೈವರ್ ಜಿಗಿದು ಪಾರಾದ. ಅವನ ಕೈಗೆ ಪಟ್ಟಿ ಕಟ್ಟಿಸಾಕ ಬಂದೀನಿ” ಎಂದರು. ನಾನು ಅಲ್ಲೇ ನೆಲಕ್ಕೆ ಕುಳಿತೆ. ಅಳು ಬಂತು, ಬಾಯಿ ಮಾತ್ರ ನಗುತ್ತಿತ್ತು.

ಮನೆಯಲ್ಲಿ ಈಗಲೂ ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಆದರೆ ಪೈಲ್ವಾನರು ಬೀದಿಯಲ್ಲಿ ಎದುರಾದಾಗಲೆಲ್ಲ ನಿಂತು ಕೇಳುತ್ತಾರೆ: “ಏನವಾ ತಂಗೀ, ನನ್ನ ಕರದ್ಯೇನು?”